ಫೆಲಿಕ್ಸ್ ವಾಂಕೆಲ್: ಒಂದು ಜೀವನ, ಎರಡು ಪಾಠ

ಹಿನ್ನೆಲೆ

ಬೋಧನಾಭ್ಯಾಸದ ಅವಧಿಯಲ್ಲಿ ಒಂಬತ್ತನೆಯ ತರಗತಿಯ ‘ಶಬ್ದ’ ಘಟಕ ನನ್ನ ಪಾಲಿಗೆ ಬಂದಿತ್ತು. ಘಟಕ ಮುಗಿದ ಮೇಲೆ ಒಬ್ಬ ವಿಜ್ಞಾನಿಯ ಅಥವಾ ತಂತ್ರಜ್ಞರ ಜೀವನವನ್ನು ಒಂದು ಅವಧಿಯಲ್ಲಿ ಹೇಳಬೇಕು, ಆ ಜೀವನ ಘಟಕದ ಯಾವುದಾದರೂ ಒಂದು ಪರಿಕಲ್ಪನೆಗೆ ಜೋಡಣೆಯಾಗಬೇಕು ಎಂದು ನಮ್ಮ ಬೋಧನಾ ವಿಧಾನದ ಉಪನ್ಯಾಸಕರು ಸೂಚಿಸಿದ್ದರು. ನನ್ನ ಸಹಪಾಠಿಗಳು ಗ್ರಹಾಂ ಬೆಲ್, ಸಿ.ವಿ. ರಾಮನ್ ಮುಂತಾದವರನ್ನು ಆರಿಸಿಕೊಂಡರು. ನಾನು ಆರಿಸಿಕೊಂಡದ್ದು ರೋಟರಿ ಎಂಜಿನ್ನಿನ ಫೆಲಿಕ್ಸ್ ವಾಂಕೆಲ್ ಅವರನ್ನು.

ಎಂಜಿನ್ನಿಗೂ ಶಬ್ದದ ಪಾಠಕ್ಕೂ ಏನು ಸಂಬಂಧ ಎಂದು ಗೆಳತಿಯರು ಕೇಳಿದರು. ನಮ್ಮಪ್ಪನಿಗೆ ಊರಿನಲ್ಲಿ ದ್ವಿಚಕ್ರ ವಾಹನದ ಗ್ಯಾರೇಜಿದೆ. ಏರ್ ಫಿಲ್ಟರಿನ ಡಬ್ಬಿ ತೆಗೆದು ಬೈಕ್ ಚಾಲೂ ಮಾಡಿದರೆ ಸದ್ದೂ ಬದಲಾಗುತ್ತದೆ, ಎಳೆಯುವ ಶಕ್ತಿಯೂ ಬದಲಾಗುತ್ತದೆ ಎಂಬುದನ್ನು ಚಿಕ್ಕಂದಿನಿಂದ ನೋಡಿದ್ದೆ. ಯಾಕೆ ಹಾಗೆ ಎಂದು ಅರ್ಥವಾದದ್ದು ಬಿ.ಎಸ್ಸಿ.ಯಲ್ಲಿ ತರಂಗಗಳನ್ನು ಓದಿದ ಮೇಲೆ. ಎಂಜಿನ್ನಿನ ಗಾಳಿ ಕೊಳವೆಯೊಳಗೆ ಓಡಾಡುವುದೂ ಶಬ್ದದ ತರಂಗವೇ ಎಂದು ಮಕ್ಕಳಿಗೆ ತೋರಿಸುವ ಆಸೆ ನನಗಿತ್ತು. ಇಲ್ಲಿ ಬರೆಯುತ್ತಿರುವುದು ಆ ಪಾಠದ ವಿಷಯವನ್ನು, ಅದರಲ್ಲಿ ನಾನು ಮಾಡಿದ ತಪ್ಪನ್ನು, ಮತ್ತು ಅದೇ ಜೀವನವನ್ನು ಎರಡನೆಯ ಸಲ ಹೇಳಬೇಕಾಗಿ ಬಂದ ಕಾರಣವನ್ನು.

ಮೊದಲ ಪಾಠ

ಫೆಲಿಕ್ಸ್ ವಾಂಕೆಲ್ 1902ರ ಆಗಸ್ಟ್ 13ರಂದು ಜರ್ಮನಿಯ ಬಾಡೆನ್ ಪ್ರಾಂತ್ಯದ ಲಾರ್ ಎಂಬ ಊರಿನಲ್ಲಿ ಹುಟ್ಟಿದರು. ತಂದೆ ಅರಣ್ಯ ಇಲಾಖೆಯ ಅಧಿಕಾರಿ. ಮೊದಲ ಮಹಾಯುದ್ಧ ಶುರುವಾದ 1914ರಲ್ಲೇ ತಂದೆ ರಣರಂಗದಲ್ಲಿ ತೀರಿಕೊಂಡರು. ಆಗ ಹುಡುಗನಿಗೆ ಹನ್ನೆರಡು ವರ್ಷ. ತಾಯಿ ಮಗನನ್ನು ಕರೆದುಕೊಂಡು ಹೈಡೆಲ್‌ಬರ್ಗ್ ನಗರಕ್ಕೆ ಹೋದರು. 1921ರಲ್ಲಿ ವಾಂಕೆಲ್ ಶಾಲೆ ಬಿಟ್ಟರು. ವಿಶ್ವವಿದ್ಯಾಲಯಕ್ಕೆ ಸೇರಲು ಬೇಕಾದ ಅಂತಿಮ ಪರೀಕ್ಷೆಯನ್ನು ಅವರು ಮುಗಿಸಲಿಲ್ಲ. ಹೈಡೆಲ್‌ಬರ್ಗಿನ ಒಂದು ಪುಸ್ತಕ ಪ್ರಕಾಶನ ಸಂಸ್ಥೆಯಲ್ಲಿ ಕೆಲಸಕ್ಕೆ ಸೇರಿ 1926ರವರೆಗೆ ಅಲ್ಲಿದ್ದರು.

ಎಂಜಿನಿಯರಿಂಗ್ ಕಾಲೇಜಿನ ಮೆಟ್ಟಿಲು ಹತ್ತದ ಈ ಯುವಕ 1924ರಲ್ಲಿ ಗೆಳೆಯರ ಜೊತೆ ಸೇರಿ ಹೈಡೆಲ್‌ಬರ್ಗಿನಲ್ಲೇ ಒಂದು ಸಣ್ಣ ಕಾರ್ಯಾಗಾರ ತೆರೆದರು. ಅರ್ಧ ಟರ್ಬೈನ್, ಅರ್ಧ ಪಿಸ್ಟನ್ ಎನ್ನುವಂಥ ಹೊಸ ಬಗೆಯ ಎಂಜಿನ್ ಕಟ್ಟಿ ಕಾರು ಓಡಿಸಿದಂತೆ ಹದಿನೇಳರ ವಯಸ್ಸಿನಲ್ಲೇ ತಮಗೆ ಕನಸು ಬಿದ್ದಿತ್ತೆಂದು ಅವರು ಹೇಳಿಕೊಳ್ಳುತ್ತಿದ್ದರಂತೆ. ತಿರುಗುವ ಎಂಜಿನ್ನಿಗೆ ಅವರ ಮೊದಲ ಪೇಟೆಂಟ್ 1929ರದ್ದು. ಅವರಿಗೆ ದೂರದೃಷ್ಟಿ ತೀರಾ ಕಡಿಮೆಯಿತ್ತು. ಜೀವಮಾನವೆಲ್ಲ ಎಂಜಿನ್ನಿಗೆ ಮುಡಿಪಾಗಿಟ್ಟ ಈ ಮನುಷ್ಯ ಒಮ್ಮೆಯೂ ವಾಹನ ಚಾಲನೆಯ ಪರವಾನಗಿ ಪಡೆಯಲಿಲ್ಲ ಎಂದಾಗ ತರಗತಿಯಲ್ಲಿ ನಗು ಎದ್ದಿತು.

ಮುಂದೆ 1951ರಲ್ಲಿ ಎನ್.ಎಸ್.ಯು. ಎಂಬ ಮೋಟಾರ್ ಸೈಕಲ್ ಕಂಪನಿಯ ಜೊತೆ ಅವರ ಕೆಲಸ ಆರಂಭವಾಯಿತು. ಕಾನ್‌ಸ್ಟೆನ್ಸ್ ಸರೋವರದ ದಡದ ಲಿಂಡೌ ಊರಿನಲ್ಲಿ ತಮ್ಮ ಮನೆಯಲ್ಲೇ ಅವರು ಪ್ರಯೋಗಾಲಯ ಹೂಡಿದ್ದರು. ತಿರುಗುವ ಭಾಗ ಯಾವ ಆಕಾರದಲ್ಲಿದ್ದರೆ ಗಾಳಿಯನ್ನು ಸೋರದಂತೆ ಎಳೆದು, ಒತ್ತಿ, ಉರಿಸಿ, ಹೊರದಬ್ಬಬಹುದು ಎಂಬುದು ಅವರ ಪ್ರಶ್ನೆ. ಕೊನೆಗೆ ಅವರು ತಲುಪಿದ ಉತ್ತರವನ್ನು ನಾನು ರಟ್ಟಿನ ಮಾದರಿಯಲ್ಲಿ ತೋರಿಸಿದೆ. ಹೊರಗೋಡೆ ಎರಡು ಕಾಳಿನ ಕಡಲೆಕಾಯಿಯಂತೆ ನಡುವೆ ತುಸು ಒಳಬಾಗಿದೆ. ಒಳಗೆ ಹೊಟ್ಟೆ ಉಬ್ಬಿದ ತ್ರಿಕೋನ. ತ್ರಿಕೋನ ತಿರುಗುವಾಗ ಅದರ ಮೂರು ತುದಿಗಳೂ ಯಾವಾಗಲೂ ಗೋಡೆಗೆ ತಾಗಿಕೊಂಡೇ ಇರುತ್ತವೆ. ತ್ರಿಕೋನದ ಮೂರು ಬದಿಗಳಲ್ಲಿ ಮೂರು ಕೋಣೆಗಳು ಒಂದಾದ ಮೇಲೊಂದು ಹಿಗ್ಗುತ್ತ ಕುಗ್ಗುತ್ತ ಹೋಗುತ್ತವೆ. ಕವಾಟವಿಲ್ಲ, ಮೇಲೆ ಕೆಳಗೆ ಬಡಿಯುವ ಪಿಸ್ಟನ್ ಇಲ್ಲ.

ಇಲ್ಲಿ ಬಹುತೇಕ ಮಕ್ಕಳಿಗೆ ಒಂದು ತಪ್ಪು ಕಲ್ಪನೆ ಮೂಡಿತು. ತ್ರಿಕೋನ ಒಂದು ಸುತ್ತು ಬಂದರೆ ನಡುವಿನ ದಂಡವೂ ಒಂದೇ ಸುತ್ತು ಬರುತ್ತದೆ ಎಂದುಕೊಂಡರು. ನಿಜದಲ್ಲಿ ತ್ರಿಕೋನ ಒಂದು ಸುತ್ತು ಮುಗಿಸುವಷ್ಟರಲ್ಲಿ ದಂಡ ಮೂರು ಸುತ್ತು ಬಂದಿರುತ್ತದೆ. ಬಾಯಲ್ಲಿ ಹೇಳಿದಾಗ ಯಾರೂ ನಂಬಲಿಲ್ಲ. ಮಾದರಿಯ ದಂಡಕ್ಕೆ ಕೆಂಪು ದಾರ ಕಟ್ಟಿ ಅವರ ಕೈಯಲ್ಲೇ ತಿರುಗಿಸಿ ಎಣಿಸಲು ಹೇಳಿದ ಮೇಲೆ ಒಪ್ಪಿದರು.

1957ರ ಫೆಬ್ರವರಿ 1ರಂದು ವಾಂಕೆಲ್ ಅವರ ಮೊದಲ ಎಂಜಿನ್ ಓಡಿತು. ಅದರಲ್ಲಿ ಒಳಗಿನ ತ್ರಿಕೋನವೂ ಹೊರಗಿನ ಕವಚವೂ ಎರಡೂ ತಿರುಗುತ್ತಿದ್ದವು. ನಡುಕ ಕಡಿಮೆ, ಆದರೆ ಸ್ಪಾರ್ಕ್ ಪ್ಲಗ್ ಬದಲಿಸಬೇಕೆಂದರೆ ಇಡೀ ಎಂಜಿನ್ ಬಿಚ್ಚಬೇಕು. ಎನ್.ಎಸ್.ಯು.ವಿನ ಎಂಜಿನಿಯರ್ ಹಾನ್ಸ್ ಡೀಟರ್ ಪಾಶ್ಕೆ ಹೊರಗಿನ ಕವಚವನ್ನು ಸ್ಥಿರವಾಗಿಟ್ಟು ಸರಳ ರೂಪ ಕೊಟ್ಟರು. ಇದು ವಾಂಕೆಲ್ ಅವರಿಗೆ ಹಿಡಿಸಲಿಲ್ಲ. ಆದರೆ ಲೋಕ ಇಂದು ವಾಂಕೆಲ್ ಎಂಜಿನ್ ಎಂದು ಕರೆಯುವುದು ಪಾಶ್ಕೆ ಕೊಟ್ಟ ರೂಪವನ್ನೇ. 1967ರಲ್ಲಿ ಎನ್.ಎಸ್.ಯು. ಆರ್‌ಒ 80 ಕಾರು ಬಂತು. ತ್ರಿಕೋನದ ತುದಿಗಳ ಸೀಲುಗಳು ಬೇಗ ಸವೆದು, ವಾರಂಟಿಯಲ್ಲಿ ಎಂಜಿನ್ ಬದಲಿಸಿ ಕೊಟ್ಟು ಕೊಟ್ಟು ಕಂಪನಿ ಸೋತಿತು. ಅದೇ 1967ರಲ್ಲಿ ಜಪಾನಿನ ಮಾಜ್ಡಾ ತನ್ನ ಕಾಸ್ಮೊ ಸ್ಪೋರ್ಟ್ ಕಾರನ್ನು ಹೊರತಂದಿತು. ಕೆನಿಚಿ ಯಮಮೊಟೊ ಅವರ ನೇತೃತ್ವದ ತಂಡ ಸೀಲುಗಳ ತೊಂದರೆಗೆ ಇಂಗಾಲ ಮತ್ತು ಅಲ್ಯೂಮಿನಿಯಂ ಬೆರೆತ ವಸ್ತುವಿನಲ್ಲಿ ಪರಿಹಾರ ಕಂಡುಕೊಂಡಿತ್ತು.

ಎಂಜಿನ್ನಿನ ಉಸಿರು

ಶಬ್ದದ ಘಟಕಕ್ಕೆ ಜೋಡಣೆಯಾಗುವ ಭಾಗ ಇಲ್ಲಿಂದ ಶುರು. 1960ರ ದಶಕದ ಕೊನೆಗೆ ಅಮೆರಿಕದಲ್ಲಿ ಲಾಕ್‌ಹೀಡ್ ಕ್ಯೂ-ಸ್ಟಾರ್ ಎಂಬ ಪ್ರಾಯೋಗಿಕ ವಿಮಾನ ವಾಂಕೆಲ್ ಎಂಜಿನ್ನಿನಿಂದ ಹಾರಿತು. ಆಮೇಲೆ ಮನೆಯ ಶೆಡ್ಡಿನಲ್ಲಿ ತಾವೇ ವಿಮಾನ ಕಟ್ಟಿಕೊಳ್ಳುವ ಹವ್ಯಾಸಿಗಳು ಮಾಜ್ಡಾ ಕಾರಿನ ಎರಡು ರೋಟರಿನ ‘13ಬಿ’ ಎಂಜಿನ್ನನ್ನು ತಮ್ಮ ವಿಮಾನಗಳಿಗೆ ಕೂರಿಸತೊಡಗಿದರು. ಅಮೆರಿಕದ ನಿಯಮದಲ್ಲಿ ಇಂಥ ವಿಮಾನಕ್ಕೆ ಒಂದು ಷರತ್ತಿದೆ. ವಿಮಾನದ ಹೆಚ್ಚಿನ ಪಾಲನ್ನು ಕಟ್ಟುವವರೇ ಕಟ್ಟಿರಬೇಕು, ಅದನ್ನು ತಮ್ಮ ಶಿಕ್ಷಣಕ್ಕಾಗಿ ಅಥವಾ ಮನರಂಜನೆಗಾಗಿ ಮಾತ್ರ ಕಟ್ಟಿರಬೇಕು. ಕಾನೂನಿನಲ್ಲೇ ಶಿಕ್ಷಣ ಎಂಬ ಮಾತು ಇರುವುದು ಶಿಕ್ಷಕರಾಗಲಿರುವ ನಮಗೆ ಖುಷಿ ಕೊಡುವ ಸಂಗತಿ.

ಹವ್ಯಾಸಿಗಳಿಗೆ ಈ ಎಂಜಿನ್ ಇಷ್ಟವಾಗಲು ಕಾರಣ ಸರಳ. ಮುಖ್ಯವಾಗಿ ತಿರುಗುವುದು ಎರಡು ರೋಟರ್, ಒಂದು ದಂಡ, ಅಷ್ಟೆ. ಗಾತ್ರ ಚಿಕ್ಕದು, ನಡುಕ ಕಡಿಮೆ. ತೊಂದರೆಗಳೂ ಇವೆ. ಹೊಗೆ ಕೊಳವೆಯ ಬಿಸಿ ಜಾಸ್ತಿ, ಸದ್ದು ಜಾಸ್ತಿ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ದಂಡ ಬಹಳ ವೇಗವಾಗಿ ತಿರುಗುವುದರಿಂದ ಪ್ರೊಪೆಲರಿಗೆ ವೇಗ ಇಳಿಸಿ ಕೊಡುವ ಗೇರ್ ಬೇಕು. ಇಲ್ಲದಿದ್ದರೆ ಪ್ರೊಪೆಲರಿನ ತುದಿ ಶಬ್ದದ ವೇಗದ ಹತ್ತಿರ ಹೋಗಿ ದಕ್ಷತೆ ಕುಸಿಯುತ್ತದೆ.

ಕಾರಿನ ಎಂಜಿನ್ನಿನ ಗಾಳಿ ಕೊಳವೆಗಳು, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್, ಸಾಮಾನ್ಯವಾಗಿ ವಿಮಾನದ ಮೂತಿಯೊಳಗೆ ಹಿಡಿಸುವುದಿಲ್ಲ. ಹಾಗಾಗಿ ಕಟ್ಟುವವರು ಅಲ್ಯೂಮಿನಿಯಂ ಕೊಳವೆ ಬಾಗಿಸಿ, ಬೆಸುಗೆ ಹಾಕಿ ತಾವೇ ಮಾಡಿಕೊಳ್ಳುತ್ತಾರೆ. ಆಗ ಕೊಳವೆ ಎಷ್ಟು ಉದ್ದವಿರಬೇಕು ಎಂಬ ಪ್ರಶ್ನೆ ಬರುತ್ತದೆ.

ಮಕ್ಕಳಿಗೆ ಹೇಳಿದ್ದು ಹೀಗೆ. ಗಾಳಿಗೂ ತೂಕವಿದೆ, ಓಡುವ ಗಾಳಿಗೆ ಜಡತ್ವವಿದೆ. ರೋಟರಿನ ಬದಿ ಗಾಳಿಯ ಬಾಗಿಲನ್ನು ತಟ್ಟನೆ ಮುಚ್ಚಿದಾಗ ನುಗ್ಗಿ ಬರುತ್ತಿದ್ದ ಗಾಳಿ ಅಲ್ಲೇ ಒತ್ತೊತ್ತಾಗಿ ನಿಲ್ಲುತ್ತದೆ. ಬಸ್ಸು ಬ್ರೇಕ್ ಹಾಕಿದಾಗ ನಿಂತ ಪ್ರಯಾಣಿಕರು ಮುಂದಕ್ಕೆ ಒತ್ತರಿಸಿದ ಹಾಗೆ. ಆ ಒತ್ತಡ ಸಂಪೀಡನವಾಗಿ, ಶಬ್ದದ ವೇಗದಲ್ಲಿ ಕೊಳವೆಯಲ್ಲಿ ಹಿಂದಕ್ಕೆ ಹೊರಡುತ್ತದೆ. ಕೊಳವೆ ಇನ್ನೊಂದು ರೋಟರಿಗೂ ಜೋಡಣೆಯಾಗಿದ್ದರೆ, ಸಂಪೀಡನ ಅಲ್ಲಿಗೆ ಹೋಗಿ ಅದರ ಬಾಗಿಲು ಮುಚ್ಚುವ ಹೊತ್ತಿಗೆ ಸರಿಯಾಗಿ ತಲುಪಿದರೆ, ಇನ್ನಷ್ಟು ಗಾಳಿಯನ್ನು ಒಳಗೆ ತುರುಕುತ್ತದೆ. ಹೆಚ್ಚು ಗಾಳಿ ಎಂದರೆ ಹೆಚ್ಚು ಶಕ್ತಿ. ಅದಕ್ಕೆ ಬೇರೆ ಪಂಪು ಬೇಡ, ಕೊಳವೆಯ ಉದ್ದ ಸರಿಯಿದ್ದರೆ ಸಾಕು.

ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಮಕ್ಕಳೇ ಮಾಡಿದರು. ದಂಡ ನಿಮಿಷಕ್ಕೆ 6000 ಸುತ್ತು ಬರುತ್ತಿದ್ದರೆ ಸೆಕೆಂಡಿಗೆ 100 ಸುತ್ತು. ಎರಡು ರೋಟರುಗಳ ನಡುವೆ ಅರ್ಧ ಸುತ್ತಿನ ಅಂತರ, ಅಂದರೆ 1/200 ಸೆಕೆಂಡ್. 22 ಡಿಗ್ರಿ ಸೆಲ್ಸಿಯಸ್‌ನಲ್ಲಿ ಶಬ್ದದ ವೇಗ ಸೆಕೆಂಡಿಗೆ 344 ಮೀಟರ್. ಅಷ್ಟು ಹೊತ್ತಿನಲ್ಲಿ ಅದು ಸಾಗುವ ದೂರ 1.72 ಮೀಟರ್. ಒಂದು ರೋಟರಿನ ಬಾಗಿಲಿನಿಂದ ಇನ್ನೊಂದರ ಬಾಗಿಲಿಗೆ ಕೊಳವೆಯ ದಾರಿ ಸುಮಾರು ಅಷ್ಟಿರಬೇಕು. ಇದು ಮೊದಲ ಅಂದಾಜು ಮಾತ್ರ. ಕೊಳವೆಯ ಅಗಲ, ಬಾಗು, ಬಾಗಿಲು ತೆರೆದಿರುವ ಕಾಲ ಎಲ್ಲವೂ ಉತ್ತರವನ್ನು ಅತ್ತಿತ್ತ ಸರಿಸುತ್ತವೆ.

ಇದೇ ಎಂಜಿನ್ 3000 ಸುತ್ತಿನಲ್ಲಿ ಓಡಿದರೆ ಉದ್ದ ಇಮ್ಮಡಿ, 3.44 ಮೀಟರ್. ಕಾರು ನಿಲ್ಲುತ್ತ, ಓಡುತ್ತ ವೇಗ ಬದಲಿಸುತ್ತಲೇ ಇರುವುದರಿಂದ ಒಂದೇ ಉದ್ದ ಎಲ್ಲ ಕಾಲಕ್ಕೂ ಒಗ್ಗುವುದಿಲ್ಲ. 1991ರಲ್ಲಿ ಲೆ ಮಾನ್ಸ್ 24 ಗಂಟೆಗಳ ಓಟ ಗೆದ್ದ ಮಾಜ್ಡಾ 787ಬಿ ಕಾರಿನಲ್ಲಿ ಓಡುವಾಗಲೇ ಉದ್ದ ಬದಲಾಗುವ ಗಾಳಿ ಕೊಳವೆಗಳಿದ್ದುದು ಈ ಕಾರಣಕ್ಕೆ. ವಿಮಾನ ಮೇಲೇರಿದ ಮೇಲೆ ಗಂಟೆಗಟ್ಟಲೆ ಹೆಚ್ಚುಕಡಿಮೆ ಒಂದೇ ವೇಗದಲ್ಲಿ ಓಡುತ್ತದೆ. ಹಾಗಾಗಿ ಒಂದೇ ಉದ್ದವನ್ನು ಹುಡುಕಿ ಸ್ಥಿರವಾಗಿ ಕೂರಿಸಿದರೂ ಲಾಭವಿದೆ. ಮೇಲೆ ಗಾಳಿ ತಣ್ಣಗಿದ್ದರೆ ಏನಾಗುತ್ತದೆ ಎಂದು ಕೇಳಿದೆ. ಪಠ್ಯದಲ್ಲಿ 0 ಡಿಗ್ರಿಗೆ 331 ಮೀಟರ್ ಎಂದಿದೆ, ಹಾಗಾದರೆ 1.655 ಮೀಟರ್ ಸಾಕು ಎಂದು ಒಬ್ಬ ಹುಡುಗ ಕೂತಲ್ಲೇ ಲೆಕ್ಕ ಹಾಕಿ ಹೇಳಿದ. ಆ ಕ್ಷಣಕ್ಕೆ ನನ್ನ ಪಾಠ ಗೆದ್ದಿತು ಎಂದುಕೊಂಡೆ.

ಒಂದು ಪ್ರಶ್ನೆ

ವಾಂಕೆಲ್ ಅವರ ಜೀವನರೇಖೆಯನ್ನು ಉದ್ದನೆಯ ಚಾರ್ಟಿನಲ್ಲಿ ಬರೆದು ಗೋಡೆಗೆ ಅಂಟಿಸಿದ್ದೆ. ಒಂದು ವರ್ಷಕ್ಕೆ ಒಂದು ಸೆಂಟಿಮೀಟರ್. ಪಾಠದ ಕೊನೆಗೆ ಹಿಂದಿನ ಸಾಲಿನ ಒಬ್ಬ ಹುಡುಗಿ ಎದ್ದು ನಿಂತು, 1929ರಿಂದ 1951ರವರೆಗೆ ಯಾಕೆ ಏನೂ ಬರೆದಿಲ್ಲ ಮಿಸ್, ಆಗ ಅವರು ಏನು ಮಾಡುತ್ತಿದ್ದರು ಎಂದು ಕೇಳಿದಳು. ಚಾರ್ಟಿನಲ್ಲಿ ಇಪ್ಪತ್ತೆರಡು ಸೆಂಟಿಮೀಟರ್ ಖಾಲಿ ಇತ್ತು.

ಉತ್ತರ ನನಗೆ ಗೊತ್ತಿತ್ತು. ತಯಾರಿ ಮಾಡುವಾಗ ಓದಿದ್ದೆ. ನಲವತ್ತು ನಿಮಿಷದಲ್ಲಿ ಹಿಡಿಸುವುದಿಲ್ಲ, ವಿಜ್ಞಾನದ ಪಾಠಕ್ಕೆ ಬೇಕಿಲ್ಲ, ಮಕ್ಕಳ ಉತ್ಸಾಹ ಇಳಿಯುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡು ಬಿಟ್ಟಿದ್ದೆ. ಈಗ ಆಗ ಯುದ್ಧವಿತ್ತಲ್ಲ, ಕೆಲಸ ನಿಂತುಹೋಗಿತ್ತು ಎಂದು ಹೇಳಿ ಗಂಟೆ ಹೊಡೆಯುವುದಕ್ಕೆ ಕಾದೆ. ಅದು ಸುಳ್ಳು. ಕೆಲಸ ನಿಂತಿರಲಿಲ್ಲ.

ವೀಕ್ಷಣಾ ಹಾಳೆಯಲ್ಲಿ ಒಳ್ಳೆಯ ಅಂಕಗಳೇ ಬಂದವು. ಬೋಧನೋಪಕರಣ ಚೆನ್ನಾಗಿದೆ, ಗಣಿತದ ಸಮನ್ವಯ ಚೆನ್ನಾಗಿದೆ, ಸಮಯ ಪಾಲನೆ ಸರಿಯಾಗಿದೆ. ನಾನು ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆದರೆ ಆ ಹುಡುಗಿ ನನ್ನ ಉತ್ತರವನ್ನು ಅಂದೇ ಪುಸ್ತಕದಲ್ಲಿ ಬರೆದುಕೊಂಡಿದ್ದಳು. ಮರುದಿನ ಮಾರ್ಗದರ್ಶಕರ ಬಳಿ ವಿಷಯ ಹೇಳಿ ಇನ್ನೊಂದು ಅವಧಿ ಕೇಳಿಕೊಂಡೆ. ಶಾಲೆಯ ಸಮಾಜ ವಿಜ್ಞಾನದ ಶಿಕ್ಷಕರೂ ತರಗತಿಗೆ ಬಂದು ಕೂತರು.

ಎರಡನೆಯ ಪಾಠ

ನಿನ್ನೆಯ ಉತ್ತರ ತಪ್ಪು ಎಂದು ಮೊದಲು ಹೇಳಿದೆ. ಆಮೇಲೆ ಖಾಲಿ ಜಾಗವನ್ನು ಮಕ್ಕಳ ಕೈಯಿಂದಲೇ ತುಂಬಿಸುತ್ತ ಹೋದೆ.

ಶಾಲೆ ಬಿಟ್ಟ 1921ರಲ್ಲೇ ವಾಂಕೆಲ್ ಯಹೂದಿಗಳನ್ನು ದ್ವೇಷಿಸುವ ಒಂದು ಸಂಘಟನೆಗೆ ಸೇರಿದ್ದರು. 1922ರಲ್ಲಿ ಹಿಟ್ಲರನ ನಾಜಿ ಪಕ್ಷದ ಸದಸ್ಯರಾದರು. ಹುಡುಗರ ಗುಂಪುಗಳನ್ನು ಕಟ್ಟಿ ಸೈನಿಕ ಮಾದರಿಯ ತರಬೇತಿ ಕೊಟ್ಟರು. 1931ರಲ್ಲಿ ಬಾಡೆನ್ ಪ್ರಾಂತ್ಯದ ಹಿಟ್ಲರ್ ಯುವಪಡೆಯ ಹೊಣೆ ಅವರ ಕೈಗೆ ಬಂತು. ಅಲ್ಲಿನ ಪಕ್ಷದ ಮುಖಂಡ ರಾಬರ್ಟ್ ವ್ಯಾಗ್ನರನ ಜೊತೆ ಜಗಳವಾಗಿ 1932ರಲ್ಲಿ ಪಕ್ಷದಿಂದ ಹೊರಹಾಕಲ್ಪಟ್ಟರು. 1933ರ ಮಾರ್ಚ್‌ನಲ್ಲಿ ವ್ಯಾಗ್ನರ್ ಅವರನ್ನು ಜೈಲಿಗೆ ಹಾಕಿಸಿದ.

ಇಲ್ಲಿ ಒಂದು ಎಚ್ಚರ ಬೇಕು. ನಾಜಿಗಳು ಜೈಲಿಗೆ ಹಾಕಿದರು ಎಂಬಷ್ಟನ್ನೇ ಹೇಳಿ ನಿಲ್ಲಿಸಿದರೆ ವಾಂಕೆಲ್ ನಾಜಿಗಳನ್ನು ವಿರೋಧಿಸಿದ ವೀರನಂತೆ ಕಾಣುತ್ತಾರೆ. ಜಗಳ ತತ್ವದ್ದಾಗಿರಲಿಲ್ಲ. ಯುವಪಡೆಯಲ್ಲಿ ಸೈನಿಕ ತರಬೇತಿ ಇನ್ನೂ ಹೆಚ್ಚಾಗಬೇಕು ಎಂಬುದು ವಾಂಕೆಲ್ ಪಟ್ಟು. ಜೊತೆಗೆ ವ್ಯಾಗ್ನರ್ ಭ್ರಷ್ಟ ಎಂದು ಬಹಿರಂಗವಾಗಿ ದೂರಿದ್ದರು. ಹಿಟ್ಲರನ ಆರ್ಥಿಕ ಸಲಹೆಗಾರ ವಿಲ್‌ಹೆಲ್ಮ್ ಕೆಪ್ಲರನ ಮಧ್ಯಸ್ಥಿಕೆಯಿಂದ ಸೆಪ್ಟೆಂಬರಿನಲ್ಲಿ ಬಿಡುಗಡೆಯಾಯಿತು.

ಆಮೇಲೆ ಡೈಮ್ಲರ್-ಬೆನ್ಜ್ ಮತ್ತು ಬಿ.ಎಂ.ಡಬ್ಲ್ಯು. ಕಂಪನಿಗಳ ಕೆಲಸ. ಕೆಪ್ಲರನ ನೆರವಿನಿಂದ ಸರ್ಕಾರದ ಗುತ್ತಿಗೆಗಳು ಸಿಕ್ಕಿ ಲಿಂಡೌನಲ್ಲಿ ಅವರದೇ ಪ್ರಯೋಗಾಲಯ ಎದ್ದಿತು. ಯುದ್ಧಕಾಲದಲ್ಲಿ ಜರ್ಮನ್ ವಾಯುಪಡೆಯ ವಿಮಾನಗಳಿಗೆ ಮತ್ತು ನೌಕಾಪಡೆಯ ಟಾರ್ಪಿಡೊಗಳಿಗೆ ತಿರುಗು ಕವಾಟ ಮತ್ತು ಸೀಲುಗಳನ್ನು ರೂಪಿಸಿದರು. 1937ರಲ್ಲಿ ಮತ್ತೆ ಪಕ್ಷ ಸೇರಲು ಕೇಳಿಕೊಂಡರು, ಸೇರಿಸಿಕೊಳ್ಳಲಿಲ್ಲ. 1940ರಲ್ಲಿ ಎಸ್.ಎಸ್. ಪಡೆಯಲ್ಲಿ ಅವರಿಗೆ ಉನ್ನತ ದರ್ಜೆಯ ಸದಸ್ಯತ್ವ ಸಿಕ್ಕಿತು, ಎರಡು ವರ್ಷದ ಮೇಲೆ ಅದು ರದ್ದಾಯಿತು. ಯಾತನಾ ಶಿಬಿರಗಳನ್ನು ನಡೆಸುತ್ತಿದ್ದುದು ಇದೇ ಎಸ್.ಎಸ್. ಆ ಆಡಳಿತ ಸುಮಾರು 60 ಲಕ್ಷ ಯಹೂದಿಗಳನ್ನು ಕೊಂದಿತು. 1945ರಲ್ಲಿ ಫ್ರೆಂಚ್ ಸೇನೆ ಪ್ರಯೋಗಾಲಯ ಮುಚ್ಚಿಸಿ ವಾಂಕೆಲ್ ಅವರನ್ನು ಕೆಲವು ತಿಂಗಳು ಸೆರೆಯಲ್ಲಿಟ್ಟಿತು. ಅವರ ಕೆಲಸ ನಿಜವಾಗಿ ನಿಂತದ್ದು ಯುದ್ಧ ಮುಗಿದ ಮೇಲೆ.

ಇನ್ನೂ ಒಂದು ಸಂಗತಿ ಹೇಳಿದೆ. ವಾಂಕೆಲ್ ಪ್ರಾಣಿಗಳನ್ನು ಬಹಳ ಪ್ರೀತಿಸುತ್ತಿದ್ದರು. ಪ್ರಯೋಗಾಲಯಗಳಲ್ಲಿ ಪ್ರಾಣಿಗಳ ಹಿಂಸೆ ತಗ್ಗಿಸುವ ಸಂಶೋಧನೆಗೆ ಅವರ ಹೆಸರಿನ ಪ್ರಶಸ್ತಿಯಿದೆ. 1969ರಲ್ಲಿ ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ ಅವರಿಗೆ ಗೌರವ ಡಾಕ್ಟರೇಟ್ ಕೊಟ್ಟಿತು. 1988ರ ಅಕ್ಟೋಬರ್ 9ರಂದು ಹೈಡೆಲ್‌ಬರ್ಗಿನಲ್ಲಿ ತೀರಿಕೊಂಡರು.

ತರಗತಿ ಸ್ವಲ್ಪ ಹೊತ್ತು ಮೌನವಾಗಿತ್ತು. ಹಾಗಾದರೆ ಅವರ ಎಂಜಿನ್ ಬಳಸಬಾರದೇ ಎಂದು ಒಬ್ಬ ಕೇಳಿದ. ತಂದೆ ಸತ್ತ ಹುಡುಗ, ಯುದ್ಧದಲ್ಲಿ ಸೋತ ದೇಶ, ಅದಕ್ಕೇ ಹಾಗಾದರೇನೋ ಎಂದು ಇನ್ನೊಬ್ಬಳು. ಅದು ಕಾರಣದ ಒಂದು ಭಾಗವಿರಬಹುದು, ಆದರೆ ಅಪ್ಪನನ್ನು ಕಳೆದುಕೊಂಡ ಎಷ್ಟೋ ಜರ್ಮನ್ ಮಕ್ಕಳು ಆ ದಾರಿ ಹಿಡಿಯಲಿಲ್ಲ ಎಂದು ಸಮಾಜ ವಿಜ್ಞಾನದ ಶಿಕ್ಷಕರು ನೆನಪಿಸಿದರು. ಇನ್ನು ಮೇಲೆ ಅವರನ್ನು ‘ಅವರು’ ಎನ್ನಬೇಕೋ ‘ಅವನು’ ಎನ್ನಬೇಕೋ ಎಂಬ ಪ್ರಶ್ನೆಯೂ ಬಂತು. ಹಿಟ್ಲರನನ್ನು ಏಕವಚನದಲ್ಲಿ ಕರೆಯುವ ನಾನೇ ವಾಂಕೆಲ್‌ಗೆ ಬಹುವಚನ ಉಳಿಸಿಕೊಂಡಿದ್ದೆ ಎಂಬುದು ಆಗ ಗಮನಕ್ಕೆ ಬಂತು. ರೂಢಿಯಿಂದ ಬಂದ ಮಾತು ಅದು, ಅವರ ನಡತೆಗೆ ಕೊಟ್ಟ ಪ್ರಮಾಣಪತ್ರವಲ್ಲ ಎಂದು ಹೇಳಿದೆ. ಈ ಲೇಖನದಲ್ಲೂ ಅದೇ ರೂಢಿ ಉಳಿಸಿದ್ದೇನೆ.

ಪ್ರಾಣಿಗಳ ಮೇಲೆ ಕರುಣೆಯಿದ್ದ ಮನುಷ್ಯ ಮನುಷ್ಯರನ್ನು ದ್ವೇಷಿಸುವವರ ಜೊತೆ ಹೇಗೆ ಇದ್ದರು ಎಂಬ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ಅದನ್ನೇ ಮನೆಗೆಲಸವಾಗಿ ಬರೆದು ತರಲು ಹೇಳಿದೆ. ಮೂವತ್ತೊಂದು ಪುಸ್ತಕಗಳು ಬಂದವು. ಕೆಲವರು ಎಂಜಿನ್ ಬೇರೆ, ಮನುಷ್ಯ ಬೇರೆ ಎಂದಿದ್ದರು. ಕೆಲವರು ಯುದ್ಧ ವಿಮಾನದ ಸೀಲಿನಿಂದ ಕಲಿತದ್ದೇ ಕಾರಿನ ಸೀಲಿಗೂ ಬಂದಿರುವುದರಿಂದ ಬೇರೆ ಮಾಡಲಾಗದು ಎಂದಿದ್ದರು. ಎರಡನೆಯ ಮಾತು ನನಗೆ ಹೊಳೆದೇ ಇರಲಿಲ್ಲ.

ನಾನು ಕಲಿತದ್ದು

ಜೀವನ ಚರಿತ್ರೆಯನ್ನು ಪ್ರೇರಣೆಗಾಗಿ ಹೇಳಬೇಕು ಎಂದು ನಾವು ಕಲಿಯುತ್ತೇವೆ. ಅದೇ ಉದ್ದೇಶ ನನ್ನ ಪಾಠ ಯೋಜನೆಯಲ್ಲೂ ಇತ್ತು. ಪ್ರೇರಣೆಗೆ ಅಡ್ಡಿ ಬರುವುದನ್ನು ಕತ್ತರಿಸಿದಾಗ ನಾನು ಸುಳ್ಳು ಹೇಳುವ ಸ್ಥಿತಿಗೆ ಬಂದೆ. ಅಳತೆಗೆ ಸರಿಯಾಗಿ ಬರೆದ ಜೀವನರೇಖೆ ನನ್ನನ್ನು ಹಿಡಿದುಕೊಟ್ಟಿತು. ಅಂಕಿ ಅಳತೆಗಳನ್ನು ಪ್ರಾಮಾಣಿಕವಾಗಿ ಬರೆಯಲು ಮಕ್ಕಳಿಗೆ ಹೇಳುವ ವಿಜ್ಞಾನ ಶಿಕ್ಷಕರು ಇಸವಿಗಳ ವಿಷಯದಲ್ಲೂ ಹಾಗೇ ಇರಬೇಕು.

ಮುಂದೆ ಈ ಪಾಠ ಮಾಡುವ ಗೆಳೆಯರಿಗೆ ಎರಡು ಸಲಹೆ. ಕೊಳವೆಯ ಉದ್ದದ ಲೆಕ್ಕಕ್ಕೆ ಮುಂಚೆ ಖಾಲಿ ಬಾಟಲಿಗಳ ಬಾಯಿಗೆ ಊದಿ ಸ್ವರ ಬದಲಾಗುವುದನ್ನು ಕೇಳಿಸಿ, ಆಗ ಗಾಳಿಯ ಕಂಬ ಎಂಬ ಮಾತು ತಾನಾಗಿ ಅರ್ಥವಾಗುತ್ತದೆ. ಎರಡನೆಯದು, ಜೀವನವನ್ನು ಒಂದೇ ಅವಧಿಗೆ ಯೋಜಿಸಬೇಡಿ. ನನ್ನ ಚಾರ್ಟನ್ನು ಆ ಶಾಲೆಯಲ್ಲೇ ಬಿಟ್ಟು ಬಂದಿದ್ದೇನೆ. ಖಾಲಿ ಇದ್ದ ಜಾಗದಲ್ಲಿ ಈಗ ಮಕ್ಕಳ ಕೈಬರಹವಿದೆ.